ಬೆಳ್ಳಿಪಟ್ಟಿಯ ಕೆಳಗೆ

ಮೊದಲು ಸೀಮೆಎಣ್ಣೆ. ಆಮೇಲೆ ಹಲ್ಲುಜ್ಜಿ ಬಿಸಾಡಿದ ಬ್ರಶ್ಶು.
ಮರಳುಕಾಗದ ಮುಟ್ಟಲೇಬಾರದು,
ತುಕ್ಕಿನ ಜೊತೆ ಅಕ್ಷರವೂ ಎದ್ದುಹೋಗುತ್ತದೆ;
ಉಳಿಯುವುದು ತೂಕಕ್ಕೆ ಮಾರುವ ಕಬ್ಬಿಣ.

ಟಾರ್ಚನ್ನು ನೆಟ್ಟಗೆ ಹಿಡಿದರೆ ಏನೂ ಕಾಣದು.
ಓರೆಯಾಗಿ ಹಿಡಿಯಬೇಕು, ಇಳಿಹೊತ್ತಿನ ಬಿಸಿಲಿನ ಹಾಗೆ.
ಸವೆದ ಗೀರಿಗೂ ಆಗ ನೆರಳು ಹುಟ್ಟುತ್ತದೆ.
ಸೀಮೆಸುಣ್ಣದ ಪುಡಿ ಸವರಿ, ಹೆಬ್ಬೆರಳಲ್ಲಿ ಒರೆಸಿ,
ಉಸಿರು ಬಿಗಿಹಿಡಿದು ಓದು.

ನಿಜ್ವಾ ಕೋಟೆಯ ಬೆನ್ನಿಗೆ, ಹಲ್ವಾ ಕಾಯಿಸುವವನ ಪಕ್ಕ,
ಖಲ್ಫಾನನ ಅಂಗಡಿಯಲ್ಲಿ ಹದಿನಾರು ವರ್ಷದಿಂದ
ಖಂಜರದ ಒರೆಗೆ ಬೆಳ್ಳಿತಂತಿ ಹೆಣೆಯುವ
ಕುಮಟೆಯ ಅಕ್ಕಸಾಲಿ ನಾನು.
ಬಂದೂಕು ಓದಲು ಕಲಿತದ್ದು ಇಲ್ಲೇ,
ಜರ್ಮನಿನ ಒಂದು ಮಾತೂ ಬಾರದೆ.

ರೆಜಿಮೆಂಟಿಗೆ ಬಾಲ ಸುತ್ತಿಕೊಂಡ ಒಂದು ಆರ್.
ಮೊದಮೊದಲು ಅದನ್ನೂ ಅಂಕಿಯೆಂದೇ ತಿಳಿದು
ಏಳು, ಆರು, ಐದು ಎಂದು
ಇಳಿಯುತ್ತಾ ಎಣಿಸುತ್ತಿದ್ದೆ,
ಸೊನ್ನೆಗೆ ಬಂದರೆ ಈಡು ಹಾರುತ್ತದೋ ಎಂಬಂತೆ.
ಅಲ್ಲವಂತೆ. ಏಳನೆಯ ರೆಜಿಮೆಂಟು, ಐದನೆಯ ಕಂಪನಿ,
ಆಮೇಲಿನದು ಗೋಡೆಯ ಸಾಲಿನಲ್ಲಿ ಇದು ನಿಲ್ಲಬೇಕಾದ ಗೂಟ.
ಚುಕ್ಕೆಗಳನ್ನು ಬಿಡದೆ ಎಣಿಸು;
ಒಂದು ತಪ್ಪಿದರೂ ಬೇರೆ ಊರಿನ ಬೇರೆ ಹುಡುಗ.

ಮೇಲೊಂದು ಗೆರೆ ಎಳೆದಿದ್ದರೆ
ಇವರಿಂದ ಕಸಿದು ಅವರಿಗೆ ಕೊಟ್ಟದ್ದು.
ಕೆಳಗೆ ಎಲ್ ಇದ್ದರೆ ನಡುವಯಸ್ಸಿನವರ ಪಡೆ,
ಹೆಂಡತಿ ಮಕ್ಕಳು ಇದ್ದವರು.
ಗೆರೆ ಎಳೆದ ಕೈ ಯಾರದೋ, ಸ್ವಲ್ಪ ಸೊಟ್ಟಗಿರುತ್ತದೆ.
ಅಂಥದಕ್ಕೆ ಮೂರು ಪಟ್ಟು ಕೊಡುತ್ತಾನೆ
ದುಬೈಯಿಂದ ಬರುವ ಗಿರಾಕಿ. ಗುರುತಿಲ್ಲದ್ದು
ಅಪ್ಪನಿಲ್ಲದ್ದು, ಅನ್ನುತ್ತಾನೆ.

ಶುಕ್ರವಾರ ಆಡಿನ ಸಂತೆ ಕರಗಿದ ಮೇಲೆ
ಸಿನಾವ್ ಕಡೆಯ ಮುದುಕ ಮುಸಲ್ಲಂ ಬಂದ.
ಕೋವಿಯ ಮೂತಿಗೆ ಸುತ್ತಿದ್ದ ಬೆಳ್ಳಿಪಟ್ಟಿ ಸಡಿಲವಾಗಿತ್ತು.
ಅವನಮ್ಮನ ಕಾಲ್ಗಡಗ ಕರಗಿಸಿ ಮಾಡಿಸಿದ್ದಂತೆ.
ಬಿಗಿ ಮಾಡು, ಅಂದ. ಅದಕ್ಕೂ ಮೊದಲು
ಪಟ್ಟಿಯನ್ನು ಕಳಚಿಸಿ ತಕ್ಕಡಿಗೆ ಹಾಕಿಸಿ
ಮುಳ್ಳು ನಿಲ್ಲುವವರೆಗೆ ನನ್ನ ಕೈಯನ್ನೇ ನೋಡಿದ.
ತಪ್ಪೇನಿಲ್ಲ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬುದು
ಮರುಭೂಮಿಗೂ ಹೇಗೋ ತಲುಪಿದೆ.

ಪಟ್ಟಿ ಬಿಟ್ಟ ಜಾಗದಲ್ಲಿ, ಗಾಳಿ ಬೆವರು ಸೋಕದೆ,
ನಿನ್ನೆ ಕುಟ್ಟಿದ ಹಾಗಿತ್ತು:
ಏಳು. ಆರ್. ಐದು. ಎಂಬತ್ತೊಂದು.
ಅದರ ಮೇಲೆ ಗೆರೆ.
ಕೆಳಗೆ ಹನ್ನೆರಡು. ಎಲ್. ಎರಡು. ಆಮೇಲಿನ ಅಂಕಿ
ಅರ್ಧ ಬಿದ್ದಿತ್ತು; ಸುತ್ತಿಗೆ ಜಾರಿರಬೇಕು,
ಅಥವಾ ಊಟದ ಗಂಟೆ ಹೊಡೆದಿರಬೇಕು.

ಏನು ಬರೆದಿದೆ, ಕೇಳಿದ ಮುಸಲ್ಲಂ.
ಹೇಳಿದೆ. ಇಬ್ಬರು ಸಿಪಾಯಿಗಳು, ಒಬ್ಬನಾದ ಮೇಲೆ ಒಬ್ಬ.
ಪಟ್ಟಿ ತೆಗೆದೇ ಇಟ್ಟರೆ ಬರುವ ದುಡ್ಡನ್ನೂ ಹೇಳಿದೆ,
ಮುಚ್ಚಿಟ್ಟರೆ ಪಾಪ ನನಗೆ.
ಅವನು ಗಡ್ಡ ಸವರಿಕೊಂಡು
ಬಹಳ ಹೊತ್ತು ಸುಮ್ಮನಿದ್ದ. ಪಕ್ಕದಲ್ಲಿ
ಹಲ್ವಾದ ಕಡಾಯಿಗೆ ಸೌಟು ಬಡಿಯುತ್ತಿತ್ತು.

'ವಾಪಸ್ ಕೇಳುತ್ತಾರಾ ಅವರು?'

ಇಲ್ಲ, ಅಂದೆ. ಯಾರು ಉಳಿದಿದ್ದಾರೆ ಕೇಳಲು.
'ಹಾಗಾದರೆ ಮುಚ್ಚು. ಮದುವೆಗಳಲ್ಲಿ
ನನ್ನಪ್ಪ ಇದನ್ನು ಆಕಾಶಕ್ಕೆ ಹಾರಿಸುತ್ತಿದ್ದ.
ಅವರಿಗೂ ಅಷ್ಟು ಸಾಕು.'

ಸೀಮೆಸುಣ್ಣ ಒರೆಸಿದೆ. ಒಂದು ಹನಿ ಎಣ್ಣೆ ಬಿಟ್ಟೆ.
ಪಟ್ಟಿಯ ಒಳಮೈಯಲ್ಲಿ ಹಳೆಯ ಅಕ್ಕಸಾಲಿಯೊಬ್ಬನ ಮುದ್ರೆ,
ಎಳ್ಳಿನಷ್ಟು, ಯಾರೂ ಓದಲೆಂದು ಹಾಕಿದ್ದಲ್ಲ.
ಸೀಳಿದ್ದ ತುದಿಗೆ ಬೆಸುಗೆ ಊದಿ
ತಣ್ಣಗಾದ ಮೇಲೆ ತಕ್ಕಡಿಗಿಟ್ಟೆ.
ಸಂಜೆ ದುಬೈಯವನು ಫೋನು ಮಾಡಿದರೆ
ಗುರುತಿಲ್ಲದ್ದು, ಅಂದರಾಯಿತು.

ಮುದುಕ ಬಗ್ಗಿ ಮುಳ್ಳು ನೋಡಿದ, ಮತ್ತೊಮ್ಮೆ ನೋಡಿದ.
ಒಂದು ಗುಂಜಿ ಹೆಚ್ಚು ತೂಗುತ್ತಿತ್ತು.
ನನ್ನ ಡಬ್ಬಿಯ ಬೆಳ್ಳಿ.
ಗಾದೆ ಕಟ್ಟಿದವರಿಗೆ
ಯಾರು ಹೋಗಿ ಹೇಳುತ್ತಾರೆ ಅದನ್ನು.